ಸಸ್ಯಾಹಾರಿಯ ಗಾಳ

ಎರೆಹುಳ ಮುಟ್ಟಲಾರೆ ಎಂಬ ಒಂದೇ ಕಾರಣಕ್ಕೆ ನಾನು ಪ್ಲಾಸ್ಟಿಕ್ಕಿನ ಹುಳಗಳ ಬಗ್ಗೆ ಇಷ್ಟೊಂದು ತಿಳಿದುಕೊಳ್ಳಬೇಕಾಯಿತು. ಯಾವ ನೀರಿಗೆ ಯಾವ ಬಣ್ಣ, ಎಂಥ ಹರಿವಿಗೆ ಎಷ್ಟು ತೂಕದ ಸೀಸ, ಬಾಸ್ ಮೀನು ಬಂಡೆಯ ಯಾವ ಮಗ್ಗುಲಲ್ಲಿ ಹೊಂಚು ಹಾಕುತ್ತದೆ, ಎಲ್ಲ ಗೊತ್ತು. ಉಡುಪಿ ಕಡೆಯ ಪುರೋಹಿತರ ಮನೆಯಲ್ಲಿ ಹುಟ್ಟಿ, ದಾರಿಯಲ್ಲಿ ಮೊಟ್ಟೆಯ ಸಿಪ್ಪೆ ಬಿದ್ದಿದ್ದರೂ ಸುತ್ತು ಬಳಸಿ ನಡೆದವನಿಗೆ ಈ ವಿದ್ಯೆ ಯಾಕೆ ಎಂದು ಕೇಳಿದರೆ ಉತ್ತರ ಒಂದೇ: ಮಗಳು. ಅವಳು ವಾರ ಬಿಟ್ಟು ವಾರ, ಶನಿವಾರ ನನ್ನ ಜೊತೆ ಇರುತ್ತಿದ್ದಳು. ಆ ಶನಿವಾರಗಳನ್ನು ಉಳಿಸಿಕೊಳ್ಳುವುದಕ್ಕಾಗಿ ನಾನು ಮೀನಿನ ಹಿಂದೆ ಬಿದ್ದೆ. ಉಳಿಯಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೂ ಆಸೆ ತೋರಿಸಿ ಕೈಕೊಡುವ ಕಥೆಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಎರಡು ಸಾವಿರದ ಹದಿನಾರರ ವಸಂತದಲ್ಲಿ ನಾನೂ ನನ್ನ ಹೆಂಡತಿಯೂ ಬೇರೆಯಾದೆವು. ಅವಳು ಬೆಂಗಳೂರಿನವಳು, ನಾನು ಕರಾವಳಿಯವನು. ಜಗಳಕ್ಕೆ ಅದು ಕಾರಣವಲ್ಲ, ಆದರೆ ಜಗಳವಾಡುವಾಗ ಇಬ್ಬರ ಕನ್ನಡವೂ ಬೇರೆ ಬೇರೆ ಊರಿನದಾಗಿರುತ್ತಿತ್ತು. ನಾವು ವಲಸೆ ಬಂದಿದ್ದ ಈ ದೇಶದಲ್ಲಿ ಅವಳೂ ಮಗಳೂ ರಿಚ್ಮಂಡ್ ಹಿಲ್‌ನ ಮನೆಯಲ್ಲಿ ಉಳಿದರು. ನಾನು ರೆಕ್ಸ್‌ಡೇಲ್‌ನಲ್ಲಿ ಒಂದು ಬೇಸ್‌ಮೆಂಟು ಬಾಡಿಗೆಗೆ ಹಿಡಿದೆ. ವಿಮಾನಗಳಿಗೆ ಊಟ ಕಳಿಸುವ ಒಂದು ದೊಡ್ಡ ಅಡುಗೆಮನೆಯಲ್ಲಿ ನನ್ನ ಕೆಲಸ, ಅದು ಅಲ್ಲಿಗೆ ಹತ್ತಿರ. ಮಗಳಿಗೆ ಆಗ ಹನ್ನೊಂದು ವರ್ಷ. ಸದ್ಯಕ್ಕೆ ಶನಿವಾರಗಳು ನಿಮ್ಮವು, ಆದರೆ ಅವಳಿಗೆ ಹದಿಮೂರು ಹದಿನಾಲ್ಕು ಆದಮೇಲೆ ಅವಳ ಇಷ್ಟವನ್ನೇ ಕೇಳುತ್ತಾರೆ, ಬರುವುದಿಲ್ಲ ಎಂದರೆ ಯಾರೂ ಎಳೆದು ತಂದು ನಿಮ್ಮ ಕೈಗೆ ಕೊಡುವುದಿಲ್ಲ ಎಂದು ನನ್ನ ವಕೀಲೆ ತಣ್ಣಗೆ ಹೇಳಿದಳು. ಅಂದರೆ ನನ್ನ ಹತ್ತಿರ ಇದ್ದದ್ದು ಎರಡು ಮೂರು ಬೇಸಿಗೆ. ಅಷ್ಟರೊಳಗೆ ಮಗಳಿಗೆ ನಾನು ಬೇಕು ಅನ್ನಿಸಬೇಕು.

ಮೊದಮೊದಲು ಎಲ್ಲ ಅಪ್ಪಂದಿರ ಹಾಗೆ ನಾನೂ ಮಾಲ್‌ಗೆ ಕರೆದುಕೊಂಡು ಹೋದೆ. ಸಿನಿಮಾಕ್ಕೆ ಹೋದೆವು. ಬೇರೇನೂ ತೋಚದ ದಿನ ಅವರ ಮನೆಯ ಹತ್ತಿರದ ದೇವಸ್ಥಾನಕ್ಕೇ ಹೋಗಿ ಕೆಳಗಿನ ಹಾಲಿನಲ್ಲಿ ದೋಸೆ ತಿಂದು ಬಂದೆವು. ಶಾಲೆ ಹೇಗಿದೆ ಎಂದರೆ "ಗುಡ್." ಅಮ್ಮ ಹೇಗಿದ್ದಾಳೆ ಎಂದರೆ "ಫೈನ್." ಉಳಿದ ಹೊತ್ತು ಫೋನು. ಎದುರು ಬದುರು ಕೂತು ದೋಸೆ ತಿನ್ನುತ್ತಿದ್ದ ನಮ್ಮನ್ನು ನೋಡಿದವರಿಗೆ ಒಂದೇ ಬಸ್ಸಿಗೆ ಕಾಯುತ್ತಿರುವ ಇಬ್ಬರು ಅಪರಿಚಿತರು ಅನ್ನಿಸಿರಬೇಕು.

ಆ ಜುಲೈನಲ್ಲಿ ಶಾಲೆಯ ಮಕ್ಕಳ ಜೊತೆ ಉತ್ತರದ ಕಡೆ ಯಾವುದೋ ಕೆರೆಯ ದಡಕ್ಕೆ ಕ್ಯಾಂಪಿಗೆ ಹೋಗಿ ಬಂದಳು. ಬಂದ ಶನಿವಾರ, ಕಾರಿನ ಬಾಗಿಲು ಹಾಕುವ ಮೊದಲೇ, ನಾನು ಕೇಳದೆಯೇ ಹೇಳಿದಳು: "ಅಪ್ಪ, ಐ ಕಾಟ್ ಅ ಬಾಸ್. ಸ್ಮಾಲ್‌ಮೌತ್." ಎರಡೂ ಕೈ ಅಗಲಿಸಿ ಮೀನಿನ ಉದ್ದ ತೋರಿಸಿದಳು. ಗಾಳಕ್ಕೆ ಬಿದ್ದ ಮೀನು ನೀರಿನಿಂದ ಹೇಗೆ ಮೇಲೆ ಹಾರಿತು, ಕೋಲು ಹೇಗೆ ಬಾಗಿತು, ಅವಳ ಕೈ ಹೇಗೆ ನಡುಗಿತು ಎಂದು ಹೈವೇ ಸೆವೆನ್ ಉದ್ದಕ್ಕೂ ಮಾತಾಡಿದಳು. ನನ್ನ ಮಗಳಿಗೆ ಇಷ್ಟು ಮಾತು ಬರುತ್ತದೆಂದು ನಾನು ಮರೆತೇಬಿಟ್ಟಿದ್ದೆ. ನಾವೂ ಹೋಗೋಣವೇ ಎಂದು ಕೇಳಿದೆ. ಅವಳು ನನ್ನ ಮುಖ ನೋಡಿ ನಕ್ಕಳು. "ನೀನಾ?"

ಅವಳ ಅಮ್ಮನೂ ಬಾಗಿಲಲ್ಲಿ ನಿಂತು ಅದನ್ನೇ ಕೇಳಿದಳು. "ಏನ್ರೀ, ನೀವು ಮೀನು ಹಿಡಿಯೋಕೆ ಹೋಗ್ತೀರಾ? ನಿಮ್ಮಮ್ಮಂಗೆ ಗೊತ್ತಾ?" ಬಹಳ ದಿನಗಳ ಮೇಲೆ ಅವಳು ನನ್ನೆದುರು ನಕ್ಕಿದ್ದು ಆಗಲೇ. ಅವಳ ನಗು ನೋಡಿ ನನಗೆ ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು.

ಮೀನುಗಾರಿಕೆ ಸಾಮಾನಿನ ಅಂಗಡಿಗೆ ಮೊದಲ ಸಲ ಒಬ್ಬನೇ ಹೋದೆ. ಅಲ್ಲಿ ಒಂದು ಫ್ರಿಜ್ಜಿತ್ತು. ಅದರಲ್ಲಿ ಐಸ್‌ಕ್ರೀಮಿನ ಡಬ್ಬಿಗಳಂಥ ಡಬ್ಬಿಗಳು. ಒಂದನ್ನು ತೆರೆದೆ. ಒದ್ದೆ ಮಣ್ಣಿನಲ್ಲಿ ಬೆರಳು ಗಾತ್ರದ ಎರೆಹುಳಗಳು ಹೊರಳುತ್ತಿದ್ದವು. ಡಬ್ಬಿ ಮುಚ್ಚಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡೆ. ಕ್ಯಾಂಪಿನಲ್ಲಿ ಮಗಳು ಇವನ್ನೇ ಗಾಳಕ್ಕೆ ಪೋಣಿಸಿದ್ದಳಂತೆ. ನನ್ನ ಕೈಯಲ್ಲಿ ಆಗದ ಮಾತು. ನಾನು ದೊಡ್ಡ ದಯಾಳು ಎಂದಲ್ಲ, ಸೊಳ್ಳೆ ಹೊಡೆದವನೇ. ಆದರೆ ಒಂದು ಜೀವವನ್ನು ಹಿಡಿದು, ಅದು ಒದ್ದಾಡುತ್ತಿರುವಾಗ ಕಬ್ಬಿಣ ತೂರಿಸುವುದು ಎಂದರೆ ನನ್ನ ಕೈ ಸುಮ್ಮನೆ ನಿಂತುಹೋಗುತ್ತದೆ. ಹುಟ್ಟಿದ ಮನೆ ನಾಲಿಗೆಗೆ ಕಲಿಸಿದ್ದನ್ನು ಊರು ಬಿಟ್ಟ ಮೇಲೆ ಮರೆಯಬಹುದು, ಕೈಗೆ ಕಲಿಸಿದ್ದನ್ನು ಮರೆಯುವುದು ಕಷ್ಟ.

ಫ್ರಿಜ್ಜಿನ ಆಚೆ ಗೋಡೆಯಿಡೀ ಹುಸಿ ಎರೆಗಳು ತೂಗುತ್ತಿದ್ದವು. ರಬ್ಬರಿನ ಹುಳ, ಮರದ ಮರಿಮೀನು, ತಿರುಗುವ ತಗಡು, ಚಮಚದಂಥ ಲೋಹ. ಅಂಗಡಿಯವ ಬಂದು ಯಾವ ನದಿ, ಯಾವ ಮೀನು, ಎಂಥ ಕೋಲು ಎಂದೆಲ್ಲ ಕೇಳಿದ. ನಾನು ಬಾಸ್ ಎಂದೆ. ಮುಂದೆ ಗೊತ್ತಿರಲಿಲ್ಲ. ಆದರೆ ಆ ಗೋಡೆಯ ಮುಂದೆ ನಿಂತಾಗ ನನಗೊಂದು ಸಿದ್ಧಾಂತ ಹೊಳೆಯಿತು. ಹುಳ ಪ್ಲಾಸ್ಟಿಕ್ಕಿನದು, ಆದ್ದರಿಂದ ಹುಳ ಸಾಯುವುದಿಲ್ಲ. ಮೀನನ್ನು ಹಿಡಿದು ಬಿಟ್ಟುಬಿಡುತ್ತೇವೆ, ಆದ್ದರಿಂದ ಮೀನೂ ಸಾಯುವುದಿಲ್ಲ. ಗಾಳದ ತುದಿಯಲ್ಲಿ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳೊಂದಿರುತ್ತದೆ, ಸಿಕ್ಕ ಮೀನು ಜಾರದಂತೆ ತಡೆಯಲು. ಅದನ್ನೂ ಪ್ಲೈಯರಿನಿಂದ ಒತ್ತಿ ಮಟ್ಟ ಮಾಡಿದರೆ ಗಾಯವೂ ಕಡಿಮೆ. ಪೂರ್ತಿ ಸಸ್ಯಾಹಾರಿ ಮೀನುಗಾರಿಕೆ! ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಇಂಥ ಮೂರ್ಖತನ ನಮ್ಮಂಥವರಿಗೇ ಹೊಳೆಯಬೇಕು.

ಕೆಲಸದ ಅಡುಗೆಮನೆಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಟ್ರೇ ಕಟ್ಟುತ್ತಿದ್ದವನು ಕುಂದಾಪುರದ ಕಡೆಯ ಮೀನುಗಾರರ ಮನೆಯವನು. ನನ್ನ ಸಿದ್ಧಾಂತ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂತ ಭಟ್ರೇ, ಪ್ಲಾಸ್ಟಿಕ್ಕಿಗೆ ಮೀನ್ ಬೀಳತ್ತಾ? ಮೀನಿಗೂ ಸ್ವಲ್ಪ ಮರ್ಯಾದಿ ಕೊಡಿ ಮಾರ್ರೆ." ಆಮೇಲೆ ಕನಿಕರಪಟ್ಟು ಬಂಗುಡೆಯ ಹಾಗೆ ಮಿಂಚುವ, ದೊಡ್ಡ, ಬೆಳ್ಳಿ ಬಣ್ಣದ ಎರೆಯನ್ನೇ ತೆಗೆದುಕೊಳ್ಳಿ ಎಂದ. ನಾನು ನಂಬಿದೆ. ಸಮುದ್ರದವನು, ಗೊತ್ತಿರುತ್ತದೆ ಎಂದುಕೊಂಡೆ. ಆ ಬೇಸಿಗೆಯಿಡೀ ಪಕ್ಕದ ಊರಾದ ಮಿಸಿಸಾಗಾದಲ್ಲಿ ಕ್ರೆಡಿಟ್ ನದಿಯ ತಿಳಿನೀರಿಗೆ ಆ ಹುಸಿ ಬಂಗುಡೆ ಎಸೆದೆ. ಮೊಣಕಾಲುದ್ದದ ನೀರಿನಲ್ಲಿ ಅಂಥ ಹೊಳಪು ಕಂಡರೆ ಇದ್ದ ಮೀನೂ ಹೆದರಿ ಓಡುತ್ತದೆ ಎಂದು ಆಮೇಲೆ ತಿಳಿಯಿತು. ಅವನ ಸಮುದ್ರವೂ ನನ್ನ ಮಂತ್ರವೂ ಆ ನದಿಯಲ್ಲಿ ನಡೆಯಲಿಲ್ಲ.

ಒಂದೂ ಮೀನು ಬೀಳಲಿಲ್ಲ, ಆದರೆ ಮಗಳು ಬಂದಳು. ನಾನು ಎಸೆದದ್ದು ಮರಕ್ಕೆ ಸಿಕ್ಕಿಕೊಂಡಾಗ ನಕ್ಕಳು. ಒಮ್ಮೆ ನನ್ನ ಟೋಪಿಗೇ ಸಿಕ್ಕಿಕೊಂಡಿತು, ಆಗ ಕಲ್ಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಪ್ಪ, ಯು ಆರ್ ಸೋ ಬ್ಯಾಡ್ ಅಟ್ ದಿಸ್." ಅಷ್ಟು ಕೆಟ್ಟದಾಗಿ ಮಾಡುವುದರಿಂದ ಅವಳು ಬರುತ್ತಾಳೆಂದರೆ ಜೀವನವಿಡೀ ಕೆಟ್ಟದಾಗಿಯೇ ಮಾಡಲು ನಾನು ತಯಾರಿದ್ದೆ.

ಚಳಿಗಾಲದಲ್ಲಿ ಎಲ್ಲೆಲ್ಲೂ ಹಿಮ, ನದಿಗೆ ಹೋಗುವಂತಿಲ್ಲ, ಆದರೆ ತಿಳಿದುಕೊಳ್ಳಲು ಬೇಕಾದಷ್ಟಿತ್ತು. ಬೇಸ್‌ಮೆಂಟಿನಲ್ಲಿ ಕೂತು ವಿಡಿಯೋ ನೋಡಿ ಕಲಿತೆ. ನದಿಯ ಬಾಸ್ ಹೆಚ್ಚಾಗಿ ತಿನ್ನುವುದು ಕಲ್ಲಿನಡಿಯ ಕ್ರೇಫಿಶ್ಶನ್ನು. ಸಿಗಡಿಯ ಮೈಗೆ ಏಡಿಯ ಕೈ ಅಂಟಿಸಿದಂಥ ಪ್ರಾಣಿ ಅದು. ಅದನ್ನು ಹೋಲುವ ಪ್ಲಾಸ್ಟಿಕ್ಕಿನ ಕೊಳವೆಗೆ ಟ್ಯೂಬ್ ಎನ್ನುತ್ತಾರೆ, ಹಿಂದುಗಡೆ ಜಾಲರಿಯ ಹಾಗೆ ಬಳುಕುವ ಕಾಲುಗಳು, ಒಳಗೆ ಸೀಸದ ತಲೆಯ ಗಾಳ. ನೀರು ತಿಳಿಯಾಗಿದ್ದರೆ ಕಂದು ಅಥವಾ ಪಾಚಿ ಹಸಿರು. ಮಳೆ ಬಂದು ಕದಡಿದ್ದರೆ ಕಣ್ಣಿಗೆ ಹೊಡೆಯುವ ಹಳದಿ. ಸೀಸ ಹಗುರವಾದರೆ ಹರಿವು ಎತ್ತಿಕೊಂಡು ಹೋಗುತ್ತದೆ, ಭಾರವಾದರೆ ಬಂಡೆಗಳ ಸಂದಿಯಲ್ಲಿ ಸಿಕ್ಕಿ ದಾರ ಕಡಿಯುತ್ತದೆ. ತಳವನ್ನು ಆಗಾಗ ಮುಟ್ಟುತ್ತ, ಕುಪ್ಪಳಿಸುತ್ತ ಸಾಗುವಷ್ಟೇ ತೂಕ ಬೇಕು. ದಾರ ತೆಳುವಾಗಿರಬೇಕು, ಕೋಲಿನ ತುದಿ ಸೂಕ್ಷ್ಮವಾಗಿರಬೇಕು, ತಳದ ಒಂದೊಂದು ಕಲ್ಲೂ ಬೆರಳಿಗೆ ಗೊತ್ತಾಗಬೇಕು. ಶಿಫ್ಟಿನ ಮಧ್ಯೆ ಬಿಡುವು ಸಿಕ್ಕಾಗ ಪಾರ್ಕಿಂಗ್ ಲಾಟಿನಲ್ಲಿ ಬರೀ ಸೀಸ ಕಟ್ಟಿ ಎಸೆದು ಅಭ್ಯಾಸ ಮಾಡಿದೆ. ಕುಂದಾಪುರದವನು ಬಾಗಿಲಲ್ಲಿ ನಿಂತು, "ಭಟ್ರೇ, ಡಾಂಬರಿನಡಿಗೆ ಎಂತ ಇತ್ತ್?" ಎಂದು ಕೇಳುತ್ತಿದ್ದ.

ಎರಡನೆಯ ಬೇಸಿಗೆ ನಮ್ಮದು. ಜೂನ್ ಕೊನೆಯಲ್ಲಿ ಬಾಸ್ ಹಿಡಿಯಲು ಅನುಮತಿ ಶುರುವಾದ ಶನಿವಾರವೇ ಹೋದೆವು. ಬಂಡೆಯೊಂದರ ಹಿಂದೆ ನೀರು ಸುತ್ತುವಲ್ಲಿಗೆ ಅವಳು ಹಸಿರು ಟ್ಯೂಬ್ ಇಳಿಬಿಟ್ಟಳು, ದಾರ ಪಕ್ಕಕ್ಕೆ ಸರಿಯಿತು. ಅಂಗೈಗಿಂತ ಸ್ವಲ್ಪ ದೊಡ್ಡ ಮೀನು. ಕೆಂಪು ಕಣ್ಣು, ಕಂಚಿನ ಬಣ್ಣದ ಮೈ. ಮುಳ್ಳು ಒತ್ತಿದ ಗಾಳ ಸುಲಭವಾಗಿ ಬಿಟ್ಟುಕೊಂಡಿತು. ನೀರಿಗೆ ಬಿಟ್ಟ ಕೂಡಲೇ ಮೀನು ಮಾಯವಾಯಿತು. ಅವಳು ಒದ್ದೆ ಕೈಯಲ್ಲೇ ನನ್ನನ್ನು ತಬ್ಬಿಕೊಂಡಳು. ನನ್ನ ಅಂಗಿಯೆಲ್ಲ ಮೀನಿನ ವಾಸನೆ. ಆ ವಾಸನೆಯ ಅಂಗಿಯನ್ನು ಆ ವಾರ ನಾನು ಒಗೆಯಲಿಲ್ಲ ಎಂದರೆ ನಮ್ಮ ಮನೆಯವರು ನನ್ನನ್ನು ಅಂಗಳಕ್ಕೂ ಸೇರಿಸುವುದಿಲ್ಲ.

ಆ ಬೇಸಿಗೆ ಅಂಗಡಿಯ ಗೋಡೆಯ ಮುಂದೆ ನಾವಿಬ್ಬರೂ ಬಹಳ ಹೊತ್ತು ನಿಲ್ಲುತ್ತಿದ್ದೆವು. ಅವಳು ಪ್ಯಾಕೆಟ್ಟು ತಿರುಗಿಸಿ ನೋಡಿ, ಇದು ಬೇಡ, ಇದರ ಕಾಲು ದಪ್ಪ, ನೀರಲ್ಲಿ ಆಡುವುದಿಲ್ಲ ಎಂದು ತೀರ್ಪು ಕೊಡುತ್ತಿದ್ದಳು. ನಾನು ವಾದ ಮಾಡುತ್ತಿದ್ದೆ. ಎಷ್ಟು ಚೆನ್ನಾಗಿತ್ತು! ಆದರೆ ಒಂದು ವಿಷಯ ನನ್ನ ಗಮನಕ್ಕೆ ಬಂದು ಹೆದರಿಕೆಯಾಯಿತು. ಗಾಳದ ಮಾತು ಬಿಟ್ಟು ನಮ್ಮಿಬ್ಬರ ನಡುವೆ ಬೇರೆ ಮಾತೇ ಹುಟ್ಟುತ್ತಿರಲಿಲ್ಲ. ಶಾಲೆಯ ಗೆಳತಿಯರ ಬಗ್ಗೆ ಕೇಳಿದರೆ ಮತ್ತೆ ಅದೇ "ಫೈನ್." ಅವಳಿಗೆ ಏನು ಭಯ, ಯಾವುದಕ್ಕೆ ಅಳು, ನನಗೆ ಗೊತ್ತಿರಲಿಲ್ಲ. ಹೊಸ ಎರೆ ತಂದರೆ ಮಾತ್ರ ಹೊಸ ಮಾತು. ಹಾಗಾಗಿ ನಾನು ತರುತ್ತಲೇ ಹೋದೆ. ಡಬ್ಬಿ ತುಂಬಿತು, ಇನ್ನೊಂದು ಡಬ್ಬಿ ತಂದೆ. ನಾನು ಗೋಡೆಯಿಂದ ಆರಿಸುತ್ತಿದ್ದದ್ದು ಮೀನಿಗೆ ಏನು ತೋರಿಸಲಿ ಎಂದಲ್ಲ, ಶನಿವಾರ ಮಗಳ ಹತ್ತಿರ ಏನು ಮಾತಾಡಲಿ ಎಂದು.

ಮೂರನೆಯ ಬೇಸಿಗೆ ಬಂದಾಗ ಅವಳಿಗೆ ಹದಿಮೂರಾಗಿತ್ತು. ಒಂದು ಶನಿವಾರ ಯಾರದೋ ಬರ್ತ್‌ಡೇ, ಇನ್ನೊಂದು ಶನಿವಾರ ವಾಲಿಬಾಲ್. ಬಂದ ದಿನವೂ ಕಲ್ಲಿನ ಮೇಲೆ ಕೂತು ಫೋನು ನೋಡುತ್ತಿದ್ದಳು. ಟ್ಯೂಬಿನ ಬಗ್ಗೆ ಹೇಳುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ನನಗೆ ದಿಗಿಲಾಯಿತು. ಅಂಗಡಿಗೆ ಹೋಗಿ ಅಲ್ಲಿದ್ದವುಗಳಲ್ಲಿ ಅತಿ ಚೆಂದದ್ದನ್ನು ಆರಿಸಿದೆ. ಗಟ್ಟಿ ಪ್ಲಾಸ್ಟಿಕ್ಕಿನ ಮರಿಮೀನು, ಮೈಮೇಲೆ ಒಂದೊಂದು ಹುರುಪೆಯನ್ನೂ ಬಿಡಿಸಿದ್ದರು, ಎಳೆದರೆ ನಡುಗುತ್ತ ಮುಳುಗುತ್ತಿತ್ತು. ಹೊಟ್ಟೆಯಡಿ ಮೂರು ಮೊನೆಯ ಗಾಳ, ಬಾಲದಲ್ಲಿ ಇನ್ನೊಂದು. ನೋಡಿದ ಕೂಡಲೇ ಅವಳು ಫೋನು ಕೆಳಗಿಟ್ಟಳು. "ವಾವ್ ಅಪ್ಪ, ಇದು ಸಕ್ಕತ್ತಾಗಿದೆ." ಗೆದ್ದೆ ಎಂದುಕೊಂಡೆ.

ಆಗಸ್ಟಿನ ಮಧ್ಯಾಹ್ನ. ನೀರು ಇಳಿದಿತ್ತು. ಮೂರನೆಯದೋ ನಾಲ್ಕನೆಯದೋ ಸಲ ಎಸೆದಾಗ ಅವಳ ಕೋಲು ಬಾಗಿತು. ನಾವು ಹಿಡಿದವುಗಳಲ್ಲಿ ಅದೇ ದೊಡ್ಡದು, ಎರಡು ಸಲ ನೀರಿನಿಂದ ಮೇಲೆ ಹಾರಿತು. ದಡಕ್ಕೆ ತಂದು ನೋಡಿದರೆ ಆ ಮರಿಮೀನನ್ನು ಅದು ಪೂರ್ತಿ ಒಳಗೆ ಎಳೆದುಕೊಂಡಿತ್ತು. ಒಂದು ಗಾಳ ಗಂಟಲಲ್ಲಿ, ಇನ್ನೊಂದು ಕಿವಿರಿನಲ್ಲಿ. ಮುಳ್ಳು ಒತ್ತಿದ್ದರಿಂದ ಏನೂ ಉಪಯೋಗವಾಗಲಿಲ್ಲ. ಪ್ಲೈಯರ್ ಹಾಕಿ ಬಿಡಿಸಿದೆ, ಬಿಡಿಸುವಾಗ ಕಿವಿರು ಹರಿಯಿತು. ಮೀನಿನ ರಕ್ತ ಇಷ್ಟು ಕೆಂಪೆಂದು ನನಗೆ ಗೊತ್ತಿರಲಿಲ್ಲ.

ನೀರಿನಲ್ಲಿಟ್ಟು, ಎರಡೂ ಕೈಯಲ್ಲಿ ಹಿಡಿದು, ಹಿಂದೆ ಮುಂದೆ ಆಡಿಸಿದೆ. ವಿಡಿಯೋದಲ್ಲಿ ಹಾಗೆ ಮಾಡುತ್ತಾರೆ, ಕಿವಿರಿಗೆ ನೀರು ಹೋಗಲಿ ಎಂದು. ಕೈ ಬಿಟ್ಟೆ. ಅದು ಮಗುಚಿಕೊಂಡು ಬಿಳಿ ಹೊಟ್ಟೆ ಮೇಲಾಗಿ ತೇಲಿತು. ಮತ್ತೆ ಹಿಡಿದು ನೆಟ್ಟಗೆ ಮಾಡಿದೆ. ಮತ್ತೆ ಮಗುಚಿತು. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು.

"ಅಪ್ಪ, ಅದು ಬದುಕಲ್ಲ," ಎಂದಳು. "ಕೊಂದ್ಬಿಡು. ಇಟ್ಸ್ ಸಫರಿಂಗ್."

"ಸ್ವಲ್ಪ ನಿಲ್ಲು, ಸರಿ ಆಗ್ತದೆ."

"ಆಗಲ್ಲ. ತಲೆ ಮೇಲೆ ಒಂದು ಏಟು, ಅಷ್ಟೆ. ಕ್ಯಾಂಪಲ್ಲಿ ತೋರಿಸಿದಾರೆ."

"ನಮ್ಮಲ್ಲಿ ಕೊಲ್ಲುವುದಿಲ್ಲ ಮಗಾ."

ನಾನು ಮೀನನ್ನು ಆಡಿಸುತ್ತಲೇ ಇದ್ದೆ. ಕಾಲ ಬಳಿ ನೀರು ನಸುಗೆಂಪಾಗುತ್ತಿತ್ತು. ಆಮೇಲೆ ಅವಳು ಅಪರೂಪಕ್ಕೆ ಪೂರ್ತಿ ಕನ್ನಡದಲ್ಲಿ, ಅವಳ ಅಮ್ಮನ ಕನ್ನಡದಲ್ಲಿ ಹೇಳಿದಳು: "ನೀನು ಯಾವಾಗ್ಲೂ ಹಿಂಗೇ. ಅಮ್ಮನ ಹತ್ರಾನೂ ಹಿಂಗೇ ಮಾಡ್ದೆ. ಬಿಡೋದೂ ಇಲ್ಲ, ಏನೂ ಮಾಡೋದೂ ಇಲ್ಲ. ಸುಮ್ನೆ ಹಿಡ್ಕೊಂಡೇ ಇರ್ತೀಯ."

ಅವಳಮ್ಮ ಬೇರೆಯಾಗೋಣ ಎಂದ ಮೇಲೂ ನಾನು ಹೌದೆನ್ನದೆ ಇಲ್ಲವೆನ್ನದೆ, ಸರಿ ಹೋಗುತ್ತದೆ, ಸರಿ ಹೋಗುತ್ತದೆ ಎನ್ನುತ್ತ ಅದೇ ಮನೆಯಲ್ಲಿ ಎರಡು ಚಳಿಗಾಲ ಕಳೆದಿದ್ದೆ. ಊಟದ ಮೇಜಿನಲ್ಲಿ ಮಾತಿಲ್ಲದ ಆ ಎರಡು ಚಳಿಗಾಲ ನಮ್ಮಿಬ್ಬರ ನಡುವೆ ಕೂತು ಉಂಡವಳು ಮಗಳು. ಮಕ್ಕಳಿಗೆ ಏನೂ ಗೊತ್ತಾಗುವುದಿಲ್ಲ ಎಂದು ನಾವು ಅಂದುಕೊಳ್ಳುವುದು ನಮ್ಮ ಅನುಕೂಲಕ್ಕೆ.

ಅವಳು ಒಂದು ಕಲ್ಲು ಆರಿಸಿಕೊಂಡಳು. ನನ್ನ ಕೈಯಿಂದ ಮೀನು ತೆಗೆದುಕೊಂಡು ಚಪ್ಪಟೆ ಬಂಡೆಯ ಮೇಲಿಟ್ಟು, ತಲೆಗೆ ಒಂದೇ ಏಟು ಕೊಟ್ಟಳು. ಮೈ ಒಮ್ಮೆ ಅದುರಿ ನಿಂತಿತು. ಅವಳ ತುಟಿ ನಡುಗುತ್ತಿತ್ತು, ಕೈ ನಡುಗಲಿಲ್ಲ. ನದಿಯಲ್ಲಿ ಕೈ ತೊಳೆದುಕೊಂಡಳು. ಬ್ರೆಡ್ಡಿನ ಕವರು ಖಾಲಿ ಮಾಡಿ ಮೀನನ್ನು ಅದರೊಳಗೆ ಹಾಕಿದಳು. "ಕೊಂದ್ಮೇಲೆ ವೇಸ್ಟ್ ಮಾಡಬಾರದು. ಕುಂದಾಪುರದ ನಿನ್ ಫ್ರೆಂಡ್‌ಗೆ ಕೊಡು, ತಿಂತಾರೆ."

ಆಮೇಲೆ ನನ್ನ ಕಡೆ ತಿರುಗಿದಳು. ಫೋನು ಜೇಬಿನಲ್ಲಿತ್ತು. ಕಣ್ಣು ನನ್ನ ಕಣ್ಣಲ್ಲೇ ಇಟ್ಟು, "ಅಪ್ಪ, ಇನ್ಮೇಲೆ ಶನಿವಾರ ನಾನು ಬರಲ್ಲ," ಎಂದಳು. "ಫೋನ್ ಮಾಡ್ತೀನಿ. ಹಬ್ಬಕ್ಕೆ ಬರ್ತೀನಿ. ಆದ್ರೆ ಪ್ರತಿ ಸಲ ಇದು ಬೇಡ. ತುಂಬಾ ದಿನದಿಂದ ಹೇಳಬೇಕು ಅಂತಿದ್ದೆ."

ಕೋಪದಲ್ಲಿ ಹೇಳಿರಲಿಲ್ಲ. ಕೋಪವಿದ್ದಿದ್ದರೆ ನಾಳೆ ತಣಿಯುತ್ತದೆ ಎಂದು ಕಾಯಬಹುದಿತ್ತು. ನನಗೆ ನೋವಾಗುತ್ತದೆಂದು ತಿಳಿದೇ, ಕಡಿಮೆ ನೋವಾಗಲಿ ಎಂದು ಒಂದೇ ಸಲಕ್ಕೆ ಹೇಳಿದಳು. "ಆಯ್ತು ಮಗಾ," ಎಂದೆ. ಸಾಮಾನು ಕಟ್ಟಿದೆವು.

ಕಾರಿನಲ್ಲಿ ನಾನು ಮಾತು ಶುರು ಮಾಡಿದೆ. ಮೂರು ಮೊನೆಯ ಗಾಳ ತೆಗೆದು ಒಂದೇ ಮೊನೆಯದು ಹಾಕಿದರೆ ಹೀಗಾಗುವುದಿಲ್ಲ ಎಂದೆ. ಸೀಸ ಇನ್ನೂ ಹಗುರವಾದದ್ದು ಸಿಗುತ್ತದಂತೆ ಎಂದೆ. ಅವಳು ಹೂಂ ಎಂದಳು. ಆಸ್ಪತ್ರೆಯಲ್ಲಿ ಮಲಗಿದವರ ಮಾತಿಗೆ ನೋಡಲು ಬಂದವರು ಹೂಂಗುಡುವ ಹಾಗೆ, ಪ್ರತಿಯೊಂದಕ್ಕೂ ತಾಳ್ಮೆಯಿಂದ ಹೂಂ ಎಂದಳು. ರಿಚ್ಮಂಡ್ ಹಿಲ್ ತಲುಪುವವರೆಗೂ ನಾನು ಬಾಯಿ ಮುಚ್ಚಲಿಲ್ಲ. ಮುಚ್ಚಿದರೆ ಅವಳು ಹೇಳಿದ್ದು ನಿಜವಾಗಿಬಿಡುತ್ತದೆ ಅನ್ನಿಸುತ್ತಿತ್ತು.

ಮನೆಯ ಮುಂದೆ ಇಳಿದಳು. ನಾನು ಕಿಟಕಿ ಇಳಿಸಿ ಕೇಳಿದೆ: "ಬರುವ ವರ್ಷಕ್ಕೆ ಟ್ಯೂಬ್ ಯಾವುದು ತರಲಿ? ಬ್ರೌನಾ, ಗ್ರೀನಾ?"

ಅವಳು ಹಿಂತಿರುಗಿ ಬಂದು ಕಿಟಕಿಯೊಳಗೆ ಬಾಗಿ ನನ್ನ ಕೆನ್ನೆಗೆ ಕೆನ್ನೆ ತಾಗಿಸಿದಳು. "ಬ್ರೌನ್," ಎಂದು ಹೇಳಿ ಒಳಗೆ ಹೋದಳು.

ಎರಡು ಸಾವಿರದ ಹತ್ತೊಂಬತ್ತರ ಜೂನ್ ಕೊನೆಗೆ ನಾನು ಬ್ರೌನ್ ತಂದೆ. ಅನುಮತಿ ಶುರುವಾಗುವ ಶನಿವಾರ ಬೆಳಿಗ್ಗೆ ಅವಳಿಗೆ ಫೋನು ಮಾಡಿ, ತಂದಿದ್ದೇನೆ, ನೀರೂ ತಿಳಿಯಾಗಿದೆಯಂತೆ, ಹತ್ತು ಗಂಟೆಗೆ ಬರಲಾ ಎಂದು ಕೇಳಿದೆ.

"ಅಪ್ಪ," ಎಂದಳು ಮೆಲ್ಲಗೆ, "ನಾನು ಹೇಳಿದ್ದೆ ಅಲ್ವಾ."

ಹೇಳಿದ್ದಳು.